ಅಟ್ಟದಿಂದ ಇಳಿಸಿದ ಹಳೇ ಕಂಪ್ಯೂಟರ್ ಕೈಕೊಟ್ಟರೆ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ತುಮಕೂರಿನಲ್ಲಿ ಕೂತು ಹಳೇ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಹುಚ್ಚು. ಕಸುಬಲ್ಲ. ಗುಬ್ಬಿ, ಶಿರಾ, ಕುಣಿಗಲ್, ಒಮ್ಮೊಮ್ಮೆ ಚಿಂತಾಮಣಿ, ಮುಳಬಾಗಿಲು ಕಡೆಯಿಂದಲೂ ಪರಿಚಯದವರು 386, 486, ಪೆಂಟಿಯಂ ಎಂಬ ಹಳೇ ಪ್ರೊಸೆಸರ್‌ಗಳ ಪೆಟ್ಟಿಗೆಗಳನ್ನು ತಂದಿಟ್ಟು ಹೋಗುತ್ತಾರೆ. ಯಾರಿಗೂ ಪೆಟ್ಟಿಗೆ ಬೇಕಿಲ್ಲ, ಒಳಗಿನ ಫೈಲ್ ಬೇಕು. ಮಂಡಿಪೇಟೆಯ ಹಳೇ ಲೆಕ್ಕ, ಹಾಲಿನ ಸಂಘದ ಸದಸ್ಯರ ಪಟ್ಟಿ, ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಪ್ರಬಂಧ, ತಾತ ಬರೆಸಿಟ್ಟ ವಂಶವೃಕ್ಷ, ಹೀಗೆ.

ಇಂಥವನ್ನು ಬಿಚ್ಚಿ ಬಿಚ್ಚಿ ನನಗೆ ಖಾತ್ರಿಯಾಗಿರುವುದು ಒಂದೇ: ಚಿಪ್ ಕೆಡುವುದು ಅಪರೂಪ. ಕೆಡುವುದು ಅದರ ಸುತ್ತಮುತ್ತಲಿನ ಅಗ್ಗದ ಸಾಮಾನು. ಬ್ಯಾಟರಿ, ಕೆಪಾಸಿಟರ್, ಕೇಬಲ್, ಕನೆಕ್ಟರ್, ಕೆಲವೊಮ್ಮೆ ಬರೀ ಗೋಡೆಯ ಸಾಕೆಟ್. ಹಾಗಾಗಿ ಹುಡುಕಾಟ ಹೊರಗಿನಿಂದ ಒಳಕ್ಕೆ ಹೋಗಬೇಕು, ದುಡ್ಡು ಖರ್ಚಾಗದ ಪರೀಕ್ಷೆಗಳು ಮೊದಲು. ಒಂದು ಸಾದಾ ಮಲ್ಟಿಮೀಟರ್, ಸ್ಟಾರ್ ಸ್ಕ್ರೂ ಡ್ರೈವರ್, ಪೇಂಟ್ ಬ್ರಷ್, ಬಿಳಿ ರಬ್ಬರ್, ಟಾರ್ಚ್ ಇದ್ದರೆ ಅರ್ಧಕ್ಕಿಂತ ಜಾಸ್ತಿ ಕೇಸು ಮನೆಯಲ್ಲೇ ಬಗೆಹರಿಯುತ್ತವೆ.

ಪ್ಲಗ್ ಹಾಕುವ ಮುಂಚೆ

ಕೆಳಗಿಳಿಸಿದ ಕೂಡಲೇ ಆನ್ ಮಾಡಿ ನೋಡಬೇಕು ಅನ್ನಿಸುತ್ತದೆ. ತಡೆದುಕೊಳ್ಳಿ. ಮೊದಲು ಮುಚ್ಚಳ ಬಿಚ್ಚಿ. ನಮ್ಮ ಕಡೆಯ ಕ್ಯಾಬಿನೆಟ್ ಅಂದಮೇಲೆ ಒಳಗೆ ಕೆಂಪು ಧೂಳು, ಜಿರಳೆ ಹಿಕ್ಕೆ, ಹಲ್ಲಿ ಮೊಟ್ಟೆ ಇದ್ದೇ ಇರುತ್ತವೆ, ಇಲಿ ವೈರ್ ಕಡಿದಿರುವುದೂ ಉಂಟು. ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಸಣ್ಣ ವೋಲ್ಟೇಜ್‌ಗೆ ಇಳಿಸುವ ಡಬ್ಬಿ, ಅಂದರೆ ಎಸ್‌ಎಂಪಿಎಸ್‌ನ ಫ್ಯಾನ್ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಸತ್ತು ಬಿದ್ದ ಹಲ್ಲಿಯೊಂದು ತಪ್ಪಾದ ಜಾಗದಲ್ಲಿ ಅಡ್ಡ ಇದ್ದರೆ ಸಾಕು, ಸ್ವಿಚ್ ಹಾಕಿದ ತಕ್ಷಣ ಢಂ ಅನ್ನುತ್ತದೆ. ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಬ್ಲೋವರ್ ಬಳಸುವವರು ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಗೆ ಅದು ಜೋರಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಎಸ್‌ಎಂಪಿಎಸ್ ಹಿಂದೆ ಒಂದು ಪುಟ್ಟ ಕೆಂಪು ಸ್ವಿಚ್ ಇರುತ್ತದೆ, 115 ಮತ್ತು 230 ಎಂದು ಬರೆದಿರುತ್ತದೆ. ಮಕ್ಕಳು ಆಟವಾಡುತ್ತಾ ಅದನ್ನು ತಳ್ಳಿರಬಹುದು. 230ರಲ್ಲೇ ಇದೆಯಾ ನೋಡಿ. 115ಕ್ಕೆ ತಳ್ಳಿದಾಗ ಒಳಗಿನ ಸರ್ಕ್ಯೂಟ್ ಬಂದ ವೋಲ್ಟೇಜನ್ನು ಇಮ್ಮಡಿ ಮಾಡುತ್ತದೆ. ನಮ್ಮ 230 ವೋಲ್ಟ್ ಕೊಟ್ಟರೆ ತಲಾ 200 ವೋಲ್ಟ್ ತಡೆಯುವ ಎರಡು ಕೆಪಾಸಿಟರ್‌ಗಳ ಮೇಲೆ ಒಟ್ಟು 650 ವೋಲ್ಟ್ ಬಂದು ಕೂರುತ್ತದೆ. ಆಮೇಲೆ ಹೊಗೆ, ವಾಸನೆ, ಮನೆಯವರ ಬೈಗುಳ.

ಇನ್ನು ಜೀವಕ್ಕೆ ಸಂಬಂಧಿಸಿದ ಮಾತು. ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರ್‌ಗಳಲ್ಲಿ 320 ವೋಲ್ಟ್ ಡಿಸಿ ಉಳಿದಿರಬಹುದು. ದಪ್ಪ ಗಾಜಿನ ಹಳೇ ಮಾನಿಟರ್ ಬಿಚ್ಚುವುದಂತೂ ಬೇಡವೇ ಬೇಡ, ಅದರ ಟ್ಯೂಬ್‌ನಲ್ಲಿ 20 ಸಾವಿರ ವೋಲ್ಟ್‌ಗೂ ಮೀರಿ ಇರುತ್ತದೆ. ಅದು ಟಿವಿ ರಿಪೇರಿ ಮಾಡಿ ಪಳಗಿದ ಕೈಗಳ ಕೆಲಸ. ಮೂರನೆಯದು ಜಾಸ್ತಿ ಜನಕ್ಕೆ ಗೊತ್ತಿಲ್ಲ: 386, 486 ಕಾಲದ ‘ಎಟಿ’ ಎಂಬ ಹಳೇ ಮಾದರಿಯ ಕ್ಯಾಬಿನೆಟ್‌ಗಳಲ್ಲಿ ಮುಂದಿನ ಪವರ್ ಬಟನ್‌ಗೇ ನೇರವಾಗಿ 230 ವೋಲ್ಟ್ ವೈರ್ ಬಂದಿರುತ್ತದೆ. ಅದರ ಕವರ್ ಕಿತ್ತುಹೋಗಿದ್ದರೆ, ಬಟನ್ ಆಫ್ ಇದ್ದರೂ, ಕೈ ತಾಗಿದರೆ ಶಾಕ್ ಖಂಡಿತ.

ಧೈರ್ಯ ಸಾಲದಿದ್ದರೆ ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಬಲ್ಬ್ ಬೋರ್ಡ್ ತಂದುಕೊಳ್ಳಿ, ಕಂಪ್ಯೂಟರ್‌ಗೆ ಹೋಗುವ ಕರೆಂಟ್ ಒಂದು ಬಲ್ಬ್ ಮೂಲಕವೇ ಹೋಗುವಂಥ ಬೋರ್ಡ್ ಅದು. 100 ವಾಟ್‌ನ ಹಳೇ ತಂತಿ ಬಲ್ಬ್ ಆಗಬೇಕು, ಎಲ್‌ಇಡಿ ನಡೆಯಲ್ಲ. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಫಳ್ ಎಂದು ಹೊಳೆದು ಮಂಕಾದರೆ ಒಳಗೆ ಶಾರ್ಟ್ ಇಲ್ಲ. ಪೂರ್ತಿ ಉರಿಯುತ್ತಲೇ ಇದ್ದರೆ ಆಫ್ ಮಾಡಿ, ಆ ಎಸ್‌ಎಂಪಿಎಸ್ ಗುಜರಿಗೆ.

ಏನೂ ಇಲ್ಲ: ಫ್ಯಾನ್ ತಿರುಗಲ್ಲ, ಲೈಟ್ ಬರಲ್ಲ

ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಆಮೇಲೆ ಪವರ್ ಕಾರ್ಡ್ ಬದಲಿಸಿ. ಇಷ್ಟಕ್ಕೇ ಸರಿಹೋಗಿ ನಗು ತರಿಸಿದ ಪೆಟ್ಟಿಗೆಗಳು ಕಡಿಮೆಯೇನಿಲ್ಲ.

ಮುಂದಿನದು ಎಸ್‌ಎಂಪಿಎಸ್. ಪೆಂಟಿಯಂ 2ರ ಆಸುಪಾಸಿನಿಂದ ಈಚೆಗಿನದಾದರೆ ಅದು ಎಟಿಎಕ್ಸ್ ಜಾತಿ, ಇಂಟೆಲ್ 1995ರಲ್ಲಿ ತಂದದ್ದು. ಇದರಲ್ಲಿ ಪ್ಲಗ್ ಹಾಕಿದ್ದರೆ ಸಾಕು, ನೇರಳೆ ವೈರ್‌ನಲ್ಲಿ ಸದಾ 5 ವೋಲ್ಟ್ ಇರಬೇಕು. ಮಲ್ಟಿಮೀಟರ್‌ನ ಕಪ್ಪು ಕಡ್ಡಿ ಕಪ್ಪು ವೈರ್‌ಗೆ, ಕೆಂಪು ಕಡ್ಡಿ ನೇರಳೆಗೆ. ಏನೂ ತೋರಿಸದಿದ್ದರೆ ಎಸ್‌ಎಂಪಿಎಸ್ ಸತ್ತಿದೆ, ಮುಂದೆ ಹುಡುಕುವುದು ದಂಡ. 5 ವೋಲ್ಟ್ ಇದ್ದರೆ, ದೊಡ್ಡ ಕನೆಕ್ಟರನ್ನು ಬೋರ್ಡಿನಿಂದ ಕಿತ್ತು, ಹಳೇ ಸಿಡಿ ಡ್ರೈವ್ ಒಂದನ್ನು ಲೋಡ್‌ಗೆ ಅಂತ ಸಿಕ್ಕಿಸಿ, ಹಸಿರು ವೈರ್‌ಗೂ ಪಕ್ಕದ ಕಪ್ಪಿಗೂ ಒಂದು ತಂತಿ ತುಂಡು ಕೊಡಿ. ಫ್ಯಾನ್ ತಿರುಗಬೇಕು. ಆಗ ಹಳದಿ ವೈರ್‌ನಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25ರೊಳಗೆ ವೋಲ್ಟ್ ಇದ್ದರೆ ಎಸ್‌ಎಂಪಿಎಸ್ ಪಾಸು. ತೊಂದರೆ ಮುಂದಿನ ಬಟನ್‌ನಲ್ಲೋ ಬೋರ್ಡ್‌ನಲ್ಲೋ ಇದೆ. ಬಟನ್‌ನ ಎರಡು ಪಿನ್‌ಗಳನ್ನು ಸ್ಕ್ರೂ ಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ ನೋಡಿ. ಹತ್ತಿದರೆ ಬಟನ್ ಕೆಟ್ಟಿದೆ ಅಷ್ಟೇ. ನೆನಪಿರಲಿ, ಈ ಮುಟ್ಟಿಸುವ ಆಟ ಎಟಿಎಕ್ಸ್‌ಗೆ ಮಾತ್ರ. ಎಟಿಯಲ್ಲಿ ಆ ಬಟನ್‌ನಲ್ಲಿರುವುದು 230 ವೋಲ್ಟ್, ಆಗಲೇ ಹೇಳಿದೆ.

ಹಳೇ ಎಟಿ ಎಸ್‌ಎಂಪಿಎಸ್‌ನಲ್ಲಿ ಬೋರ್ಡಿಗೆ ಹೋಗುವುದು ಅಕ್ಕಪಕ್ಕದ ಎರಡು ಕನೆಕ್ಟರ್. ಎರಡರ ಕಪ್ಪು ವೈರ್‌ಗಳೂ ನಡುವೆ ಒಟ್ಟಿಗೆ ಬರಬೇಕು. ಅದಲು ಬದಲಾದರೆ ಬೋರ್ಡ್ ಅಲ್ಲೇ ಸುಡುತ್ತದೆ, ಎರಡನೇ ಅವಕಾಶ ಇಲ್ಲ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ

ಇದನ್ನು ‘ಶಾಕ್ ಹೊಡೀತಿದೆ, ಕಂಪ್ಯೂಟರ್ ಕೆಟ್ಟಿದೆ’ ಅಂತಲೇ ತರುತ್ತಾರೆ. ಬಹಳ ಸಲ ಕೆಟ್ಟಿರುವುದು ಮನೆಯ ಅರ್ಥಿಂಗ್. ಎಸ್‌ಎಂಪಿಎಸ್ ಬಾಯಲ್ಲೇ ಎರಡು ಪುಟ್ಟ ಫಿಲ್ಟರ್ ಕೆಪಾಸಿಟರ್ ಇರುತ್ತವೆ, ಒಂದು ಫೇಸ್‌ನಿಂದ ಕ್ಯಾಬಿನೆಟ್‌ಗೆ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್‌ಗೆ. ಅರ್ಥ್ ಸರಿಯಾಗಿದ್ದರೆ ಆ ಸಣ್ಣ ಕರೆಂಟ್ ನೆಲಕ್ಕೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ ಎರಡರ ನಡುವೆ ತೇಲುತ್ತದೆ, ಅಂದರೆ ಸುಮಾರು 115 ವೋಲ್ಟ್. ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತದೆ.

ಹಳೇ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇರುತ್ತದೆ, ಮೇಲಿನ ತೂತಿಗೆ ವೈರೇ ಇರುವುದಿಲ್ಲ. ಮೀಟರ್ ಇಟ್ಟು ನೋಡಿ: ಫೇಸ್‌ನಿಂದ ಅರ್ಥ್‌ಗೆ ಹೆಚ್ಚುಕಡಿಮೆ 230 ಬರಬೇಕು, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟ್. ಬೇರೆ ಏನು ಬಂದರೂ ಎಲೆಕ್ಟ್ರಿಷಿಯನ್ ಕರೆಯಿರಿ. ನಮ್ಮಂಥ ಒಣ ಸೀಮೆಯಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗಿ ಹೋಗುತ್ತದೆ, ಕೆಲವು ಸಲ ನೀರು ಹುಯ್ದರೇ ಸರಿಹೋಗುತ್ತದೆ. ಜುಮ್ ಅನ್ನುವ ಬದಲು ಕೈ ಎಳೆದುಕೊಳ್ಳುವಷ್ಟು ಜೋರಾಗಿ ಹೊಡೆದರೆ ಅದು ಫಿಲ್ಟರ್ ಕಥೆಯಲ್ಲ, ಫೇಸ್ ವೈರೇ ಎಲ್ಲೋ ಬಾಡಿಗೆ ತಾಗಿದೆ. ಬಿಟ್ಟು ಬಿಡಿ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಕಿವಿ ಕೊಡಿ. 1981ರ ಐಬಿಎಂ ಪಿಸಿ ಕಾಲದಿಂದಲೂ ಪರದೆ ಬರುವ ಮುಂಚೆ ಯಂತ್ರ ಬೀಪ್‌ನಲ್ಲೇ ಮಾತಾಡುತ್ತದೆ. ಒಂದು ಚಿಕ್ಕ ಬೀಪ್ ಅಂದರೆ ಎಲ್ಲಾ ಸರಿ, ಮಾನಿಟರ್ ಕೇಬಲ್ ನೋಡಿ. ಬೀಪ್ ಹೊಡೆಯುವುದು ಬಯೋಸ್, ಅಂದರೆ ಬೋರ್ಡ್ ಮೇಲಿನ ಚಿಪ್‌ನಲ್ಲಿ ಕೂತು ಯಂತ್ರವನ್ನು ಶುರು ಮಾಡಿಸುವ ಪ್ರೋಗ್ರಾಂ. ಅವಾರ್ಡ್ ಕಂಪನಿಯ ಬಯೋಸ್ ಆದರೆ ಒಂದು ಉದ್ದ ಎರಡು ಚಿಕ್ಕ ಬೀಪ್ ಡಿಸ್‌ಪ್ಲೇ ಕಾರ್ಡ್‌ನದ್ದು, ನಿಲ್ಲದೆ ಬರುವ ಉದ್ದ ಬೀಪ್ ರ‍್ಯಾಮ್‌ನದ್ದು. ಎಎಂಐ ಬಯೋಸ್ ಆದರೆ ಎರಡು, ಮೂರು ಬೀಪ್ ರ‍್ಯಾಮ್ ಕಡೆಗೆ ಬೆರಳು ತೋರಿಸುತ್ತವೆ, ಎಂಟು ಬೀಪ್ ಡಿಸ್‌ಪ್ಲೇ ಕಾರ್ಡ್ ಕಡೆಗೆ. ಯಾವ ಬಯೋಸ್ ಎಂದು ಬೋರ್ಡ್ ಮೇಲಿನ ಚಿಪ್‌ನ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ. ಬೀಪೇ ಬರದಿದ್ದರೆ ಸ್ಪೀಕರ್ ವೈರ್ ಸಿಕ್ಕಿಸಿದ್ದೀರಾ ಮೊದಲು ನೋಡಿ.

ರ‍್ಯಾಮ್ ಅಂತ ಗೊತ್ತಾದರೆ ಖುಷಿಪಡಿ, ಇದು ಹತ್ತು ರೂಪಾಯಿ ರಬ್ಬರ್‌ನ ಕೆಲಸ. ಕಡ್ಡಿಯನ್ನು ಹೊರತೆಗೆದು ತುದಿಯ ಲೋಹದ ಪಟ್ಟಿಗಳನ್ನು ಬಿಳಿ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ದೂರದಲ್ಲಿ ಕೊಡವಿ, ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಹಾಕಿ. ಸ್ಲಾಟ್ ಒಳಕ್ಕೆ ರಬ್ಬರ್ ಪುಡಿ ಬಿದ್ದರೆ ಹೊಸ ತೊಂದರೆ ಶುರು. ಇನ್ನೊಂದು ಮುಖ್ಯ ವಿಷಯ, ಹಳೇ ಕಡ್ಡಿಗಳನ್ನು ಒಂದೊಂದಾಗಿ ಹಾಕಿ ಪರೀಕ್ಷೆ ಮಾಡಲಾಗುವುದಿಲ್ಲ. 30 ಪಿನ್‌ನ ಕಡ್ಡಿ ಒಂದು ಸಲಕ್ಕೆ 8 ಬಿಟ್ ಮಾತ್ರ ಕೊಡುತ್ತದೆ, 486ಗೆ 32 ಬಿಟ್ ಬೇಕು, ಹಾಗಾಗಿ ನಾಲ್ಕು ನಾಲ್ಕೇ ಹಾಕಬೇಕು. 72 ಪಿನ್‌ನದು 32 ಬಿಟ್, ಪೆಂಟಿಯಂಗೆ 64 ಬೇಕು, ಅಲ್ಲಿ ಜೋಡಿ. ಇದು ಗೊತ್ತಿಲ್ಲದೆ ಒಂದು ಕಡ್ಡಿ ತೆಗೆದು ಒಂದು ಹಾಕಿ ‘ಬೋರ್ಡೇ ಹೋಗಿದೆ’ ಅಂತ ತೀರ್ಮಾನ ಕೊಟ್ಟವರು ಬೇಕಾದಷ್ಟು ಜನ.

ಬೀಪೂ ಇಲ್ಲ, ರ‍್ಯಾಮೂ ಸರಿ ಇದೆ ಅಂದರೆ ಪೋಸ್ಟ್ ಕಾರ್ಡ್ ತರಿಸಿ, ಅಂಚೆಯದ್ದಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಸ್ಲಾಟ್‌ಗೆ ಚುಚ್ಚಿದರೆ ಎರಡು ಅಂಕಿ ತೋರಿಸುವ ಪುಟ್ಟ ಕಾರ್ಡ್ ಅದು. ಬಯೋಸ್ ತಾನು ಯಾವ ಪರೀಕ್ಷೆ ಮಾಡುತ್ತಿದ್ದೇನೆ ಎಂಬುದನ್ನು ಪ್ರತಿ ಹಂತದಲ್ಲೂ ಒಂದು ಪೋರ್ಟ್‌ಗೆ ಬರೆಯುತ್ತಾ ಹೋಗುತ್ತದೆ, ಆ ಪೋರ್ಟ್‌ನ ನಂಬರ್ ಹೆಕ್ಸ್‌ನಲ್ಲಿ 80. ಕಾರ್ಡ್ ಅದನ್ನೇ ಓದುತ್ತದೆ. ಅಂಕಿ ಎಲ್ಲಿ ನಿಂತಿತೋ ಅಲ್ಲೇ ದೋಷ. ಅವಾರ್ಡ್‌ನಲ್ಲಿ ಸಿ1ಕ್ಕೆ ನಿಂತರೆ ರ‍್ಯಾಮ್. ಅಂಕಿ ಬದಲಾಗದೇ ಇದ್ದರೆ ಪ್ರೊಸೆಸರ್ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಅಲ್ಲಿಗೆ ಮನೆ ವೈದ್ಯ ನಿಲ್ಲಿಸಿ, ಹಾರ್ಡ್ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರದಲ್ಲಿ ಓದುವ ದಾರಿ ನೋಡಿ.

‘ಕೀಬೋರ್ಡ್ ಎರರ್’ ಅನ್ನುತ್ತದೆ, ತಾರೀಖು 1980ಕ್ಕೆ ಹೋಗಿದೆ

ನನಗೆ ತುಂಬಾ ಇಷ್ಟವಾದ ದೋಷ ಇದು. ಕೀಬೋರ್ಡ್‌ಗೂ ಬ್ಯಾಟರಿಗೂ ಏನು ಸಂಬಂಧ ಅಂತ ಯಾರಿಗಾದರೂ ಅನ್ನಿಸುತ್ತದೆ.

ಮೊದಲು ತಾರೀಖಿನ ಕಥೆ. 1981ರ ಮೊದಲ ಐಬಿಎಂ ಪಿಸಿಯಲ್ಲಿ ಗಡಿಯಾರವೇ ಇರಲಿಲ್ಲ, ಆನ್ ಮಾಡಿದಾಗಲೆಲ್ಲ ಅದರ ಆಪರೇಟಿಂಗ್ ಸಿಸ್ಟಮ್ ಡಾಸ್ ತಾರೀಖು ಕೇಳುತ್ತಿತ್ತು. 1984ರ ಪಿಸಿ ಎಟಿಯಲ್ಲಿ ಮೊಟೊರೊಲಾದ ಗಡಿಯಾರ ಚಿಪ್ ಬಂತು. ಅದರಲ್ಲಿ ಒಟ್ಟು 64 ಬೈಟ್, 14 ಗಡಿಯಾರಕ್ಕೆ, ಉಳಿದ 50ರಲ್ಲಿ ಸೆಟ್ಟಿಂಗ್. ಕರೆಂಟ್ ಇಲ್ಲದಾಗ ಇದನ್ನು ಸಾಕುವುದು ಬ್ಯಾಟರಿ. ಬ್ಯಾಟರಿ ಸತ್ತರೆ ಗಡಿಯಾರವೂ ಸೆಟ್ಟಿಂಗೂ ಒಟ್ಟಿಗೆ ಹೋಗುತ್ತವೆ. ಡಾಸ್‌ನಲ್ಲಿ 1980ರ ಹಿಂದೆ ವರ್ಷವೇ ಇಲ್ಲ, ಫೈಲಿನ ತಾರೀಖಿನಲ್ಲಿ ವರ್ಷಕ್ಕೆ ಕೊಟ್ಟಿರುವುದು 7 ಬಿಟ್, 1980ರಿಂದ 2107ರವರೆಗೆ. ಹಾಗಾಗಿ ದಿಕ್ಕು ತಪ್ಪಿದ ಯಂತ್ರಗಳು ಬಹಳ ಸಲ 1980ರ ಜನವರಿ 1ಕ್ಕೆ ಹೋಗಿ ನಿಲ್ಲುತ್ತವೆ. ಜನವರಿ 4 ಎಂದು ಬಂದರೆ ಅದು ಬೇರೆ. 2000ನೇ ಇಸವಿಯನ್ನು 1900 ಎಂದುಕೊಂಡ ಹಳೇ ಬಯೋಸ್‌ಗಳು ಡಾಸ್‌ಗೆ ಉಣಿಸಿದ ತಾರೀಖು ಅದು, ಬ್ಯಾಟರಿ ಬದಲಿಸಿದರೆ ಹೋಗಲ್ಲ.

ಈಗ ಬ್ಯಾಟರಿ ನೋಡಿ. ನಾಣ್ಯದಂಥ ಸಿಆರ್2032 ಸೆಲ್ ಇದ್ದರೆ ಮೀಟರ್‌ನಲ್ಲಿ 3 ವೋಲ್ಟ್ ಬರಬೇಕು, 2.7ಕ್ಕೆ ಇಳಿದಿದ್ದರೆ ಬದಲಿಸಿ, ಕೆಲಸ ಮುಗಿಯಿತು. ಆದರೆ 386, 486 ಬೋರ್ಡ್‌ಗಳಲ್ಲಿ ಬೆರಳಿನ ಗೆಣ್ಣಿನಷ್ಟು ದೊಡ್ಡ, ನೀಲಿಯೋ ಹಸಿರೋ ಪ್ಲಾಸ್ಟಿಕ್ ಸುತ್ತಿದ 3.6 ವೋಲ್ಟ್‌ನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ನೇರವಾಗಿ ಸೋಲ್ಡರ್ ಮಾಡಿರುತ್ತಾರೆ. ವಯಸ್ಸಾದ ಮೇಲೆ ಅದು ಸೋರುತ್ತದೆ. ಟಾರ್ಚ್ ಹಿಡಿದು ಓರೆಯಾಗಿ ನೋಡಿ: ಬ್ಯಾಟರಿಯ ಎರಡೂ ತುದಿಯಲ್ಲಿ ಬಿಳಿ ಹರಳು, ಸುತ್ತಲಿನ ತಾಮ್ರದ ಗೆರೆಗಳ ಮೇಲೆ ಪಾಚಿಯಂಥ ಹಸಿರು, ಹತ್ತಿರದ ಚಿಪ್ ಕಾಲುಗಳು ಹೊಳಪು ಕಳೆದುಕೊಂಡು ಕಪ್ಪಾಗಿರುತ್ತವೆ. ಆ ಹತ್ತಿರದ ಚಿಪ್ ಬಹಳ ಬೋರ್ಡ್‌ಗಳಲ್ಲಿ ಯಾವುದು ಗೊತ್ತಾ? ಕೀಬೋರ್ಡ್ ಕಂಟ್ರೋಲರ್. ಕೀಬೋರ್ಡ್ ಎಷ್ಟು ಬದಲಿಸಿದರೂ ಎರರ್ ಹೋಗದಿರುವುದು ಅದಕ್ಕೇ.

ಎಎಂಐ ಬಯೋಸ್ ಆರು ಬೀಪ್ ಹೊಡೆದರೂ ಇದೇ ಜಾಗಕ್ಕೆ ಬನ್ನಿ. ಆರು ಬೀಪ್ ಅಂದರೆ ಗೇಟ್ ಎ20 ದೋಷ. ಮೊದಲ ಪಿಸಿಯ 8088 ಪ್ರೊಸೆಸರ್‌ನಲ್ಲಿ ವಿಳಾಸ 1 ಎಂಬಿ ದಾಟಿದರೆ ಮತ್ತೆ ಸೊನ್ನೆಗೆ ಬರುತ್ತಿತ್ತು, ಕೆಲವು ಪ್ರೋಗ್ರಾಂಗಳು ಅದನ್ನೇ ನೆಚ್ಚಿಕೊಂಡಿದ್ದವು. ಎಟಿಯ 286ರಲ್ಲಿ ಹಾಗಾಗುತ್ತಿರಲಿಲ್ಲ. ಹಳೇ ಪ್ರೋಗ್ರಾಂ ಕೆಡಬಾರದು ಅಂತ ಐಬಿಎಂನವರು ಎ20 ಎಂಬ ವಿಳಾಸ ಗೆರೆಗೆ ಒಂದು ಗೇಟ್ ಇಟ್ಟರು, ಅದರ ಹಿಡಿತವನ್ನು ಕೀಬೋರ್ಡ್ ಕಂಟ್ರೋಲರ್‌ನಲ್ಲಿ ಖಾಲಿ ಬಿದ್ದಿದ್ದ ಒಂದು ಪಿನ್‌ಗೆ ಕೊಟ್ಟರು. ಮೆಮೊರಿ ಕೆಲಸ ಕೀಬೋರ್ಡ್ ಚಿಪ್‌ಗೆ! ಇಂಥ ತೇಪೆ ಕೆಲಸಗಳನ್ನು ಕಂಡರೆ ನನಗೆ ಯಾಕೋ ಖುಷಿ.

ಶುಚಿ ಮಾಡುವ ಕ್ರಮ: ಬ್ಯಾಟರಿಯನ್ನು ಕಟ್ಟರ್‌ನಿಂದ ಕತ್ತರಿಸಿ ತೆಗೆಯಿರಿ. ಸೋರಿದ್ದು ಕ್ಷಾರ, ಹಾಗಾಗಿ ಬಿಳಿ ವಿನೆಗರ್ ಅಥವಾ ನಿಂಬೆರಸವನ್ನು ಹಳೇ ಟೂತ್‌ಬ್ರಷ್‌ನಲ್ಲಿ ಹಚ್ಚಿ ತಿಕ್ಕಿ, ಆಮೇಲೆ ನೀರಿನಲ್ಲಿ ಒರೆಸಿ, ಕೊನೆಗೆ ಆಲ್ಕೋಹಾಲ್, ಪೂರ್ತಿ ಒಣಗಲು ಬಿಡಿ. ಕೈಗೆ ಗ್ಲೌಸ್ ಇರಲಿ, ಕ್ಯಾಡ್ಮಿಯಂ ವಿಷ, ಅಡುಗೆಮನೆ ಸಿಂಕ್‌ನಲ್ಲಿ ತೊಳೆಯಬೇಡಿ. ಆ ಜಾಗಕ್ಕೆ ಸಿಆರ್2032 ಹಾಗೇ ಹಾಕುವಂತಿಲ್ಲ. ಬೋರ್ಡ್ ಹಳೇ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿತ್ತು, ಲಿಥಿಯಂ ಸೆಲ್‌ಗೆ ಚಾರ್ಜ್ ಹೋದರೆ ಸಿಡಿಯಬಹುದು. ನಡುವೆ ಡಯೋಡ್ ಬೇಕು. ಕೆಲವು ಬೋರ್ಡ್‌ಗಳಲ್ಲಿ ಹೊರಗಿನ ಬ್ಯಾಟರಿಗೆಂದೇ ನಾಲ್ಕು ಪಿನ್ ಇರುತ್ತದೆ, ಅದು ಸಿಕ್ಕರೆ ಸಲೀಸು. ತಾಮ್ರದ ಗೆರೆ ತುಂಡಾಗಿದ್ದರೆ ಮೀಟರ್‌ನ ಕಂಟಿನ್ಯುಟಿ ಬೀಪ್‌ನಲ್ಲಿ ಹುಡುಕಿ ಸಣ್ಣ ವೈರ್ ಹಾಕಬೇಕು. ಕೈ ನಡುಗುವವರು ಮೊಬೈಲ್ ರಿಪೇರಿ ಮಾಡುವ ಹುಡುಗರಿಗೆ ಕೊಡಿ, ಮೈಕ್ರೋಸ್ಕೋಪ್ ಅವರ ಹತ್ತಿರ ಇದ್ದೇ ಇರುತ್ತದೆ.

ಗಡಿಯಾರ ಹಿಂದೆ ಬೀಳುತ್ತಿದೆ

ಆಫ್ ಇದ್ದಾಗ ಹಿಂದೆ ಬಿದ್ದರೆ ಬ್ಯಾಟರಿ ಸೊರಗಿದೆ, ಅಥವಾ ಹರಳಿನ ಕಾಲಿಗೆ ತುಕ್ಕು. ಆ ಹರಳು 32,768 ಹರ್ಟ್ಜ್‌ನದು, ಕ್ವಾರ್ಟ್ಜ್ ಕೈಗಡಿಯಾರಗಳಲ್ಲಿ ಇರುವುದೂ ಅದೇ. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರಿನಲ್ಲಿ ಇದನ್ನು ವಿವರಿಸಬೇಕಿಲ್ಲ ಅಲ್ವಾ! ಎರಡರಿಂದ ಹದಿನೈದು ಸಲ ಭಾಗಿಸಿದರೆ ಸರಿಯಾಗಿ ಸೆಕೆಂಡಿಗೆ ಒಂದು ಬಡಿತ.

ಆನ್ ಇದ್ದಾಗ ಡಾಸ್‌ನಲ್ಲಿ ಮಾತ್ರ ಹಿಂದೆ ಬಿದ್ದು, ರೀಸ್ಟಾರ್ಟ್ ಮಾಡಿದ ಮೇಲೆ ಸರಿಯಾದರೆ, ಯಾವ ಸಾಮಾನೂ ಕೆಟ್ಟಿಲ್ಲ. ಡಾಸ್ ಶುರುವಿನಲ್ಲಿ ಒಮ್ಮೆ ಆ ಚಿಪ್ ನೋಡಿ, ಆಮೇಲೆ ತಾನೇ ಸೆಕೆಂಡಿಗೆ 18.2 ಸಲದಂತೆ ಎಣಿಸುತ್ತದೆ. ಯಾವುದಾದರೂ ಪ್ರೋಗ್ರಾಂ ಇಂಟರಪ್ಟ್, ಅಂದರೆ ‘ಈಗ ಎಣಿಸು’ ಎಂದು ಕರೆಯುವ ಸಿಗ್ನಲ್, ತಡೆದು ಕೂತರೆ ಎಣಿಕೆ ತಪ್ಪುತ್ತದೆ. ಈ 18.2 ಎಲ್ಲಿಂದ ಬಂತು ಅಂದರೆ, ಮೊದಲ ಪಿಸಿಯಲ್ಲಿ ಇದ್ದ ಮೂಲ ಹರಳು 14.31818 ಮೆಗಾಹರ್ಟ್ಜ್, ಅಮೆರಿಕದ ಕಲರ್ ಟಿವಿ ಸಿಗ್ನಲ್‌ನ ನಾಲ್ಕು ಪಟ್ಟು. ಅದನ್ನು 3ರಿಂದ ಭಾಗಿಸಿ ಪ್ರೊಸೆಸರ್‌ಗೆ 4.77, 12ರಿಂದ ಭಾಗಿಸಿ ಟೈಮರ್‌ಗೆ 1.193 ಮೆಗಾಹರ್ಟ್ಜ್, ಅದನ್ನು ಮತ್ತೆ 65,536ರಿಂದ ಭಾಗಿಸಿದರೆ 18.2. ಅಮೆರಿಕದ ಟಿವಿ ಲೆಕ್ಕ ತುಮಕೂರಿನ ಮಂಡಿ ಕಂಪ್ಯೂಟರ್‌ನಲ್ಲೂ ಟಿಕ್ ಟಿಕ್ ಅನ್ನುತ್ತಿತ್ತು.

ತಾನಾಗೇ ರೀಸ್ಟಾರ್ಟ್ ಆಗುತ್ತದೆ, ಅಥವಾ ನಾಲ್ಕೈದು ಸಲ ಒತ್ತಿದರೆ ಆನ್ ಆಗುತ್ತದೆ

ಮನೆಯ ಮೋಟರ್ ಹಾಕಿದ ಹೊತ್ತಿಗೇ ರೀಸ್ಟಾರ್ಟ್ ಆಗುತ್ತಾ ಗಮನಿಸಿ. ಕೋಲಾರ, ಚಿಕ್ಕಬಳ್ಳಾಪುರದ ತೋಟದ ಮನೆಗಳಲ್ಲಿ ಬೋರ್‌ವೆಲ್ ಪಂಪ್ ಶುರುವಾದಾಗ ವೋಲ್ಟೇಜ್ ಒಂದು ಗಳಿಗೆ ಕುಸಿಯುತ್ತದೆ, ವಯಸ್ಸಾದ ಎಸ್‌ಎಂಪಿಎಸ್‌ಗೆ ಅಷ್ಟು ಸಾಕು. ಯುಪಿಎಸ್ ಹಾಕಿ ನೋಡಿ.

ಅದಲ್ಲ ಅಂದರೆ ಬೋರ್ಡ್ ಮೇಲೆ ಪ್ರೊಸೆಸರ್ ಸುತ್ತ ನಿಂತಿರುವ ಡ್ರಮ್ಮಿನಾಕಾರದ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆ ಇರಬೇಕು. ಉಬ್ಬಿದ್ದರೆ, ತಲೆಯ ಗೀರಿನಲ್ಲಿ ಕಂದು ಅಂಟು ಕಂಡರೆ, ಅದೇ ಕಳ್ಳ. ಸುಮಾರು 1999ರಿಂದ 2007ರವರೆಗೆ ತಯಾರಾದ ಬೋರ್ಡ್‌ಗಳಲ್ಲಿ, ಅಂದರೆ ಪೆಂಟಿಯಂ 3, ಪೆಂಟಿಯಂ 4 ಕಾಲದವುಗಳಲ್ಲಿ, ಕೆಟ್ಟ ಎಲೆಕ್ಟ್ರೊಲೈಟ್ ತುಂಬಿದ ಕೆಪಾಸಿಟರ್‌ಗಳು ಪ್ರಪಂಚದ ತುಂಬಾ ಹೀಗೆ ಉಬ್ಬಿದವು. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಜಾಸ್ತಿ ವೋಲ್ಟ್, 105 ಡಿಗ್ರಿಯ ಲೋ ಇಎಸ್‌ಆರ್ ಎಂದು ಕೇಳಿ ತನ್ನಿ. ಮೈನಸ್ ಪಟ್ಟಿ ಯಾವ ಕಡೆ ಇತ್ತು ಅಂತ ಮೊದಲೇ ಫೋಟೋ ತೆಗೆದಿಡಿ. ಬೋರ್ಡ್ ಹಲವು ಪದರದ್ದು, ಸಾಮಾನ್ಯ ಸೋಲ್ಡರ್ ಗನ್‌ಗೆ ತೂತು ಬಿಡುವುದಿಲ್ಲ, ಜೋರು ಮಾಡಿದರೆ ಗೆರೆ ಕಿತ್ತು ಬರುತ್ತದೆ. ಇದನ್ನೂ ಅನುಭವಸ್ಥರಿಗೇ ಬಿಡಿ.

ಹಾರ್ಡ್ ಡಿಸ್ಕ್ ಕಾಣುತ್ತಿಲ್ಲ

ಕಟ್ ಕಟ್ ಎಂದು ಒಂದೇ ತಾಳದಲ್ಲಿ ಬಡಿದುಕೊಂಡರೆ ಆ ಕ್ಷಣವೇ ಆಫ್ ಮಾಡಿ. ಹೆಡ್ ಜಾಗ ಸಿಗದೆ ಒದ್ದಾಡುತ್ತಿದೆ, ಆನ್ ಇಟ್ಟಷ್ಟೂ ತಟ್ಟೆ ಗೀರಿಕೊಳ್ಳುತ್ತದೆ. ಫೈಲ್ ಮುಖ್ಯವಾಗಿದ್ದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ, ಫ್ರಿಜ್‌ನಲ್ಲಿಡುವ ಚಿಟ್ಕೆ ವೈದ್ಯ ಬೇಡ.

ಸುಮ್ನೆ ತಿರುಗುತ್ತಿದ್ದೂ ಕಾಣದಿದ್ದರೆ ಕೇಬಲ್‌ನ ಕೆಂಪು ಅಂಚು ಡಿಸ್ಕ್‌ನ 1ನೇ ಪಿನ್ ಕಡೆಗಿದೆಯಾ, ಜಂಪರ್ (ಡಿಸ್ಕ್ ಹಿಂದಿನ ಎರಡು ಪಿನ್ ಸೇರಿಸುವ ಪುಟ್ಟ ಟೋಪಿ) ಮಾಸ್ಟರ್‌ನಲ್ಲಿದೆಯಾ ನೋಡಿ. ಎರಡೂ ಸರಿ ಇದ್ದರೆ ಮತ್ತೆ ಆ ಬ್ಯಾಟರಿಯೇ. ಹಳೇ ಬಯೋಸ್‌ಗಳು ಡಿಸ್ಕನ್ನು ತಾವಾಗಿ ಗುರುತಿಸುವುದಿಲ್ಲ. ಡಿಸ್ಕ್ ಲೇಬಲ್ ಮೇಲಿನ ಸಿಲಿಂಡರ್, ಹೆಡ್, ಸೆಕ್ಟರ್ ಮೂರು ಸಂಖ್ಯೆಯನ್ನು ಸೆಟಪ್‌ನಲ್ಲಿ ಕೈಯಾರೆ ತುಂಬಬೇಕು. ತಪ್ಪು ಸಂಖ್ಯೆ ಹಾಕಿ ಏನನ್ನೂ ಬರೆಯಬೇಡಿ, ಫೈಲ್‌ಗಳು ಕಲಸಿಹೋಗುತ್ತವೆ.

ದೊಡ್ಡ ಡಿಸ್ಕ್ ಹಾಕಿದರೂ 528 ಎಂಬಿ ಮಾತ್ರ ತೋರಿಸಿದರೆ ಡಿಸ್ಕ್ ಕೆಟ್ಟಿಲ್ಲ. ಬಯೋಸ್ 1,024 ಸಿಲಿಂಡರ್ ದಾಟಲ್ಲ, ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಐಡಿಇ ಪದ್ಧತಿ 16 ಹೆಡ್ ದಾಟಲ್ಲ, ಸೆಕ್ಟರ್ 63ರ ಮೇಲಿಲ್ಲ. ಗುಣಿಸಿ 512 ಬೈಟ್‌ನಿಂದ ಮತ್ತೆ ಗುಣಿಸಿದರೆ 52,84,82,304. ಇಬ್ಬರೂ ಬೇರೆ ಬೇರೆ ಕಡೆ ಜುಗ್ಗತನ ಮಾಡಿದ್ದರ ಫಲ ಅದು.

ಕಾಪಿ ಮಾಡಲು ಯುಎಸ್‌ಬಿ ಅಡಾಪ್ಟರ್ ಬಳಸುವವರು ಗಮನಿಸಿ: ತೀರಾ ಹಳೇ, ಎಲ್‌ಬಿಎ (ಸೆಕ್ಟರ್‌ಗಳನ್ನು ಬರೀ ಕ್ರಮಸಂಖ್ಯೆಯಿಂದ ಕರೆಯುವ ಪದ್ಧತಿ) ಗೊತ್ತಿಲ್ಲದ ಡಿಸ್ಕ್‌ಗಳನ್ನು ಬಹುತೇಕ ಅಡಾಪ್ಟರ್‌ಗಳು ಓದುವುದಿಲ್ಲ. ಆಗ ಐಡಿಇ ಪೋರ್ಟ್ ಇರುವ ಪೆಂಟಿಯಂ 4 ಯಂತ್ರ ಹುಡುಕಿ, ಲಿನಕ್ಸ್ ಸಿಡಿಯಿಂದ ಬೂಟ್ ಮಾಡಿ, ಇಡೀ ಡಿಸ್ಕ್‌ನ ಇಮೇಜ್, ಅಂದರೆ ಬೈಟ್‌ಗೆ ಬೈಟ್ ನಕಲು, ತೆಗೆದುಕೊಳ್ಳಿ.

ಫ್ಲಾಪಿ ತೊಂದರೆ

ಡ್ರೈವ್‌ನ ಲೈಟ್ ಆರುವುದೇ ಇಲ್ಲವಾ? ಕೇಬಲ್ ತಿರುಗುಮುರುಗಾಗಿದೆ. ಬೇರೆ ಫ್ಲಾಪಿ ಹಾಕಿದರೂ ಹಿಂದಿನದರ ಫೈಲ್ ಪಟ್ಟಿಯೇ ಬರುತ್ತಿದೆಯಾ? ದೆವ್ವ ಅಲ್ಲ, 34ನೇ ಪಿನ್‌ನಲ್ಲಿ ‘ಡಿಸ್ಕ್ ಬದಲಾಯಿತು’ ಅನ್ನುವ ಸುದ್ದಿ ಬರುತ್ತಿಲ್ಲ. ಅಂಥ ಡ್ರೈವ್‌ನಲ್ಲಿ ಬರೆಯಲು ಹೋದರೆ ಹೊಸ ಫ್ಲಾಪಿಯ ಮೇಲೆ ಹಳೇ ಪಟ್ಟಿ ಬಿದ್ದು ಎಲ್ಲಾ ಹಾಳು. ರೈಟ್ ಪ್ರೊಟೆಕ್ಟ್ ಕಿಟಕಿ ತೆರೆದೇ ಇಡಿ.

ಫ್ಲಾಪಿಯ ಲೋಹದ ಬಾಗಿಲು ಸರಿಸಿ ತಟ್ಟೆ ನೋಡಿ. ಬೂದು ಚುಕ್ಕೆ ಕಂಡರೆ ಬೂಷ್ಟು. ಡ್ರೈವ್‌ಗೆ ಹಾಕಬೇಡಿ, ಹೆಡ್ ಗಲೀಜಾಗಿ ಮುಂದಿನ ಒಳ್ಳೇ ಫ್ಲಾಪಿಗಳನ್ನೂ ಗೀರುತ್ತದೆ.

ಫೈಲ್ ತೆರೆಯುತ್ತದೆ, ಅಕ್ಷರ ಸೊಟ್ಟಪಟ್ಟ

ಇಲ್ಲಿಗೆ ಬಂದಿರಿ ಅಂದರೆ ಯಂತ್ರ ಗೆದ್ದಿತು, ಇನ್ನು ಪ್ರೋಗ್ರಾಂ ಕೆಲಸ. ಮೂಲ ಫೈಲ್ ಮುಟ್ಟದೆ ಕಾಪಿಯ ಮೇಲೆ ಪ್ರಯೋಗ ಮಾಡಿ.

ಇಂಗ್ಲಿಷ್ ಪತ್ರ, ಆದರೆ ಪ್ರತಿ ಪದದ ಕೊನೆಯ ಅಕ್ಷರ ಮಾತ್ರ ವಿಚಿತ್ರ: ಅದು ವರ್ಡ್‌ಸ್ಟಾರ್ ಎಂಬ ಹಳೇ ಬರವಣಿಗೆ ಪ್ರೋಗ್ರಾಂನದು. ಸಾಲುಗಳ ಎರಡೂ ಅಂಚು ಸಮ ಮಾಡಲು ಅದು ಪದದ ಕೊನೆಯ ಅಕ್ಷರದ ಎಂಟನೇ ಬಿಟ್ ಹೊತ್ತಿಸಿಡುತ್ತಿತ್ತು. 65 ಆಗಬೇಕಾದ್ದು 193 ಆಗಿರುತ್ತದೆ. ಪೈಥಾನ್‌ನಲ್ಲಿ ಪ್ರತಿ ಬೈಟನ್ನೂ 127ರ ಜೊತೆ ಆ್ಯಂಡ್ ಮಾಡಿ ಬರೆದರೆ ಪತ್ರ ನೆಟ್ಟಗಾಗುತ್ತದೆ. ಫೈಲ್ ದೊಡ್ಡದಿದೆ, ಆದರೆ ಡಾಸ್‌ನಲ್ಲಿ ಅರ್ಧವೇ ಕಾಣುತ್ತದೆ ಅಂದರೆ ನಡುವೆ 26 ಎಂಬ ಬೈಟ್ ಇದೆ. ಡಾಸ್‌ಗಿಂತ ಹಿಂದಿನ ಸಿಪಿ/ಎಂನಲ್ಲಿ ಫೈಲಿನ ಅಳತೆ 128 ಬೈಟ್‌ಗಳ ತುಂಡುಗಳಲ್ಲೇ ಇರುತ್ತಿತ್ತು, ಬರಹ ಎಲ್ಲಿ ಮುಗಿಯಿತು ಎಂದು ತೋರಿಸಲು 26 ಹಾಕುತ್ತಿದ್ದರು. ಡಾಸ್ ಆ ಅಭ್ಯಾಸವನ್ನು ಹೊತ್ತು ತಂದಿತು. ಆ ಬೈಟನ್ನು ತೆಗೆದು ಹಾಕಿ.

ಕನ್ನಡದ್ದು ಇನ್ನೂ ಮಜಾ. ಫೈಲ್ ತುಂಬಾ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಹೊತ್ತ ಎ, ನಡುನಡುವೆ ಪೌಂಡ್ ಗುರುತು ಕಂಡರೆ ಹೆದರಬೇಡಿ, ಏನೂ ಕೆಟ್ಟಿಲ್ಲ. ಅದು ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ್ದು, ಇಲ್ಲವೇ ಶೇಷಾದ್ರಿವಾಸು 1998ರಲ್ಲಿ ಹೊರತಂದ ‘ಬರಹ’ ತಂತ್ರಾಂಶದ್ದು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಪೌಂಡ್ ಗುರುತಿನ ಮನೆಯಲ್ಲಿ ತಲೆಕಟ್ಟಿಲ್ಲದ ನ, ದೊಡ್ಡ ಪಿ ಮನೆಯಲ್ಲಿ ತಲೆಕಟ್ಟಿಲ್ಲದ ಕ, ಗೆರೆ ಹೊತ್ತ ಎ ಅಂದರೆ ಬರೀ ತಲೆಕಟ್ಟು. ‘ಕನ್ನಡ’ ಎಂಬ ಪದ ಹೀಗೆ ಏಳು ತುಂಡು: ಕ, ತಲೆಕಟ್ಟು, ನ, ತಲೆಕಟ್ಟು, ನ ಒತ್ತು, ಡ, ತಲೆಕಟ್ಟು. ಓದಲಷ್ಟೇ ಬೇಕಿದ್ದರೆ ನುಡಿ ಫಾಂಟ್ ಹಾಕಿಕೊಂಡು ಅಕ್ಷರಗಳನ್ನು ಅದಕ್ಕೆ ಬದಲಿಸಿ, ಮುಗಿಯಿತು.

ಯೂನಿಕೋಡ್‌ಗೆ ತರಬೇಕಾದರೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ನಾನೇ ಬರೆಯುತ್ತೇನೆ ಅನ್ನುವವರು ‘ಇದಕ್ಕೆ ಅದು’ ಎಂಬ ಪಟ್ಟಿ ಮಾಡಿ ಬದಲಿಸಿದರೆ ಆಗಲ್ಲ. ಕಣ್ಣಿಗೆ ಕಂಡ ಕ್ರಮದಲ್ಲಿ ನುಡಿ ಬರೆದಿರುತ್ತದೆ, ಉಚ್ಚರಿಸುವ ಕ್ರಮದಲ್ಲಿ ಯೂನಿಕೋಡ್ ಬರೆಯುತ್ತದೆ. ‘ಕರ್ನಾಟಕ’ದಲ್ಲಿ ಅರ್ಕಾವತ್ತು ಕಾಣುವುದು ನಾ ಆದಮೇಲೆ, ಯೂನಿಕೋಡ್‌ನಲ್ಲಿ ರ್ ಬರಬೇಕಾದ್ದು ನಾ ಮುಂಚೆ. ಒತ್ತಕ್ಷರವೂ ಅಷ್ಟೇ, ಕಾಗುಣಿತ ಚಿಹ್ನೆಯ ಆಚೆಗಿರುವುದನ್ನು ಈಚೆಗೆ ತರಬೇಕು. ಪರಿವರ್ತನೆ ಸರಿಯಾಗಿದೆಯಾ ನೋಡಲು ‘ವರ್ಷ’, ‘ಕೀರ್ತಿ’, ‘ರಾಷ್ಟ್ರ’, ‘ಸ್ತ್ರೀ’ ಇರುವ ಸಾಲು ಹುಡುಕಿ. ಅಲ್ಲಿ ಎಡವದಿದ್ದರೆ ಉಳಿದದ್ದನ್ನು ನಂಬಬಹುದು. ಫೈಲ್ ಪುಟ ವಿನ್ಯಾಸದ ಪ್ರೋಗ್ರಾಂ ಪೇಜ್‌ಮೇಕರ್‌ನದಾಗಿದ್ದರೆ ಮೊದಲು ಹಳೇ ವಿಂಡೋಸ್ ವರ್ಚುವಲ್ ಯಂತ್ರದಲ್ಲಿ ಪೇಜ್‌ಮೇಕರ್ ಹಾಕಿ ಬರೀ ಬರಹವನ್ನು ಹೊರತೆಗೆಯಬೇಕು.

ಒಂದು ಕಡೆ ಮಾತ್ರ ಕೈ ಚೆಲ್ಲಬೇಕು. ತಲೆಕಟ್ಟು, ಒತ್ತು ಇರಬೇಕಾದ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ ಇದ್ದರೆ, ಮಧ್ಯೆ ಯಾರೋ ಆ ಫೈಲನ್ನು ಸಾದಾ ಇಂಗ್ಲಿಷ್ ಪಠ್ಯವಾಗಿ ಸೇವ್ ಮಾಡಿದ್ದಾರೆ. ಬೇರೆ ಬೇರೆ ತುಂಡುಗಳೆಲ್ಲ ಒಂದೇ ಚಿಹ್ನೆಯಾಗಿ ಹೋಗಿರುವುದರಿಂದ ಯಾವ ಪರಿವರ್ತಕಕ್ಕೂ ಅದನ್ನು ಬಿಡಿಸಲಾಗುವುದಿಲ್ಲ. ಡಿಸ್ಕ್ ಇಮೇಜ್‌ನಲ್ಲಿ ಅದೇ ಹೆಸರಿನ, ಬಿಎಕೆ ಎಂದು ಕೊನೆಯಾಗುವ ಫೈಲ್ ಇದೆಯಾ ಹುಡುಕಿ. ಅದೂ ಇಲ್ಲದಿದ್ದರೆ ಪ್ರಬಂಧ ಟೈಪ್ ಮಾಡಿಕೊಟ್ಟ ಡಿಟಿಪಿ ಅಂಗಡಿಯವರನ್ನೇ ಕೇಳಿ ನೋಡಿ. ಹಳೇ ಫ್ಲಾಪಿ ಡಬ್ಬಿಗಳನ್ನು ಅವರು ಸುಲಭಕ್ಕೆ ಬಿಸಾಡುವುದಿಲ್ಲ.